ಮಾವನ ಕೊಟ್ಟಿಗೆಗೊಂದು ಡಾಟ್ ಇನ್

ನಮ್ಮ ಸೋದರಮಾವ ಹೆದರದೇ ಇರುವ ವಸ್ತು ಈ ಭೂಮಿಯ ಮೇಲೆ ಒಂದೇ ಒಂದು: ಹಾಯುವ ಎಮ್ಮೆ! ಅದನ್ನು ಬಿಟ್ಟರೆ ಉಳಿದ ಸಕಲ ಚರಾಚರಗಳಿಗೂ ಅವರು ಹೆದರುತ್ತಾರೆ. ಲಿಫ್ಟಿಗೆ ಹೆದರುತ್ತಾರೆ. ಕುಕ್ಕರಿನ ಸೀಟಿಗೆ ಹೆದರುತ್ತಾರೆ, ಸೀಟಿ ಹೊಡೆಯದೇ ಹೋದರೆ ಇನ್ನೂ ಹೆಚ್ಚು ಹೆದರುತ್ತಾರೆ. ಗ್ರೂಪ್ ಫೋಟೋಗೆ ತೆಂಗಿನ ಮರದ ಕೆಳಗೆ ನಿಲ್ಲಿ ಅಂದರೆ ನಿಲ್ಲುವುದಿಲ್ಲ. ನಮ್ಮ ಮನೆತನದ ಅಷ್ಟೂ ಮದುವೆ ಫೋಟೋಗಳಲ್ಲಿ ಎಲ್ಲರೂ ಒಂದು ಕಡೆ, ಮಾವ ಮಾತ್ರ ಬಿಸಿಲಲ್ಲಿ ಒಂದು ಮಾರು ದೂರ. ಹೊಸಬರು ನೋಡಿದರೆ ಫೋಟೋಗ್ರಾಫರನ ಕಡೆಯವರು ಅಂದುಕೊಳ್ಳಬೇಕು!

ಸೊರಬದಿಂದ ನಮ್ಮ ಶಿಕಾರಿಪುರಕ್ಕೆ ಬರುವಾಗ ಅವರು ಬಸ್ಸಿನಲ್ಲೂ ಹೆಲ್ಮೆಟ್ ತೆಗೆಯುವುದಿಲ್ಲ. ಮನೆಯಿಂದ ಬಸ್ ನಿಲ್ದಾಣದ ತನಕ ಮೊಪೆಡ್ಡು, ಅಲ್ಲಿಂದ ಬಸ್ಸು, ತಲೆ ಮಾತ್ರ ಹೆಲ್ಮೆಟ್ಟಿನೊಳಗೆ ಭದ್ರ. ಒಂದು ಸಲ ಕಂಡಕ್ಟರ್ ಕೈ ಮುಗಿದನಂತೆ: “ಸಾರ್, ಒಂದೋ ಅದನ್ನ ತೆಗೀರಿ, ಇಲ್ಲಾ ನಮಗೂ ಒಂದೊಂದು ಕೊಡಿಸ್ರಿ. ನಿಮ್ಮನ್ನ ನೋಡಿ ಶಿರಾಳಕೊಪ್ಪದಲ್ಲೇ ಜನ ಇಳೀತಾ ಇದಾರೆ!”

ಬ್ಯಾಂಕಿನ ಒಟಿಪಿ ಬಂದರೆ ದೇವರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ದೀಪದ ಬೆಳಕಲ್ಲಿ ಓದುತ್ತಾರೆ. ಹೊರಗೆ ಬರುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. ಮತ್ತೆ ಕಳಿಸು ಅಂತ ಒತ್ತುತ್ತಾರೆ, ಮತ್ತೆ ದೇವರ ಕೋಣೆ. ದೇವರಿಗೇ ಸಾಕಾಗಿ ಹೋಗಿರಬೇಕು!

ಇಂಥವರು ಉದ್ಯೋಗಕ್ಕೆ ಏನು ಮಾಡುತ್ತಿದ್ದರು ಅಂತೀರಿ? ಪಶುವೈದ್ಯರು! ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಒಮ್ಮೆ ಸೊರಬದ ಸಂತೆಬೀದಿಯಲ್ಲಿ ಎಮ್ಮೆಯೊಂದು ಹಗ್ಗ ಹರಿದುಕೊಂಡು ಸಿಕ್ಕಸಿಕ್ಕವರನ್ನು ಅಟ್ಟಿಸಿಕೊಂಡು ಬಂತು. ಪೊಲೀಸನೂ ಅಂಗಡಿ ಕಟ್ಟೆ ಹತ್ತಿದ್ದ. ಮಾವ ನಿಧಾನಕ್ಕೆ ಹೋಗಿ, ಅದರ ಗಂಟಲ ಕೆಳಗೆ ಕೆರೆದು, ಕಿವಿ ಹತ್ತಿರ ಏನೋ ಹೇಳಿದರು. ಅದು ಸಣ್ಣ ಮಗುವಿನ ಹಾಗೆ ಅವರ ಹಿಂದೆ ಹೊರಟಿತು. “ಮಾವ, ಹೆದರಿಕೆ ಆಗ್ಲಿಲ್ವಾ?” ಅಂದೆ. “ಎಂತಕ್ಕೆ? ಎಮ್ಮೆಗೆ ಏನು ಬೇಕು ಅಂತ ನಂಗೆ ಗೊತ್ತು. ಲಿಫ್ಟಿಗೆ ಏನು ಬೇಕು ಅಂತ ಯಾರಿಗೆ ಗೊತ್ತು ಮಾರಾಯ್ತಿ?” ಅಂದರು.

ಈ ಮನುಷ್ಯ ಒಂದು ಮಧ್ಯಾಹ್ನ ಹೆಲ್ಮೆಟ್ ಸಮೇತ ನನ್ನ ಅಂಗಡಿಗೆ ಬಂದರು. ನನ್ನದು ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ: ಲಗ್ನಪತ್ರಿಕೆ, ಫ್ಲೆಕ್ಸು, ಬಿಲ್ ಬುಕ್ಕು, ಜೊತೆಗೆ ಬೀಜದಂಗಡಿಯವರಿಗೋ ಲಾಡ್ಜಿನವರಿಗೋ ಬೇಕಾದರೆ ಒಂದು ವೆಬ್‌ಸೈಟು. ಮಾವ ಕುರ್ಚಿ ಅಲುಗಾಡುತ್ತದೋ ಇಲ್ಲವೋ ಪರೀಕ್ಷಿಸಿ ಕೂತು, ಸುತ್ತ ನೋಡಿ, ಪಿಸುಗುಟ್ಟಿದರು.

“ಮನೇಲಿ ಎ.ಐ. ಶುರು ಮಾಡಿದೀನಿ ಕಣೇ.”

ದನ ಸಾಕಿದವರ ಮನೆಯಲ್ಲಿ ಎ.ಐ. ಅಂದರೆ ಅರ್ಥ ಒಂದೇ. ಹಸುವಿಗೆ ಸೂಜಿ ಹಾಕಿ ಗಬ್ಬ ಮಾಡಿಸುವ ಕೃತಕ ಗರ್ಭಧಾರಣೆ! ನೌಕರಿ ಇದ್ದಷ್ಟು ದಿನವೂ ಮಾವ ಮಾಡಿದ್ದು ಅದನ್ನೇ.

“ರಿಟೈರ್ ಆದ ಮೇಲೂನಾ ಮಾವ? ಅದೂ ಮನೇಲಿ? ಅತ್ತೆ ಬೈಲಿಲ್ವಾ?”

“ಅವಳೆಂತಕ್ಕೆ ಬೈತಾಳೆ? ಅಡುಗೆಮನೆ ಪಕ್ಕದ ಕೋಣೇಲೇ ಇಟ್ಟಿದೀನಿ. ಅವಳೂ ದಿನಾ ಕೂತು ಏನಾದ್ರೂ ಕೇಳ್ತಾಳೆ. ನಿನ್ನೆ ಉಪ್ಪಿನಕಾಯಿ ಬೂಸ್ಟು ಬರದ ಹಾಗೆ ಎಂತ ಮಾಡೋದು ಅಂತ ಕೇಳಿದ್ಲು.”

ಆಗ ನನ್ನ ತಲೆಗೆ ಹೋಯಿತು. ಇದು ಆ ಎ.ಐ. ಅಲ್ಲ, ಈ ಎ.ಐ.! ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಯಂತ್ರ. ಎಟಿಎಮ್ಮಿಗೆ ಹೆದರುವ ನನ್ನ ಮಾವ, ಪ್ರಪಂಚವೆಲ್ಲ ಹೆದರುತ್ತಿರುವ ವಸ್ತುವನ್ನು ಅಡುಗೆಮನೆ ಪಕ್ಕ ಕಟ್ಟಿಕೊಂಡಿದ್ದಾರೆ!

ಆಗಿದ್ದು ಇಷ್ಟು. ನಿವೃತ್ತರಾದ ಮೇಲೂ ದನ ಸಾಕಿದವರು ಅವರಿಗೇ ಫೋನ್ ಮಾಡುತ್ತಿದ್ದರು. ಕರು ಹಾಲು ಕುಡೀತಿಲ್ಲ, ಕೆಚ್ಚಲು ಬಾತಿದೆ, ಎತ್ತು ಕುಂಟುತ್ತಿದೆ. ತಮಗೆ ಗೊತ್ತಿದ್ದನ್ನೆಲ್ಲ ಯಾವುದಾದರೂ ಯಂತ್ರಕ್ಕೆ ಹೇಳಿಕೊಟ್ಟರೆ ಅದೇ ಉತ್ತರ ಹೇಳಬಹುದಲ್ಲ ಅಂತ ಮಾವನಿಗೆ ಹೊಳೆಯಿತು. ಹಾಗಾದರೆ ದೊಡ್ಡ ಕಂಪನಿಗಳ ಎ.ಐ. ಬಳಸಬಹುದಿತ್ತಲ್ಲ? ಅಲ್ಲೇ ಇರುವುದು ಹೆದರಿಕೆ!

“ಯಾರ ಮನೆ ಹಸು ಗಬ್ಬ ನಿಲ್ತಿಲ್ಲ ಅನ್ನೋದು ಮನೆ ಗುಟ್ಟು ಕಣೇ. ಅದು ಹೊರಗೆ ಬಿದ್ರೆ ನಾಳೆ ಸಂತೇಲಿ ಆ ಹಸುವನ್ನ ಕೇಳೋರು ಇರಲ್ಲ. ಅಮೆರಿಕದವರಿಗೆ ಯಾಕೆ ಹೇಳ್ಬೇಕು?”

ಅದಕ್ಕೇ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಎ.ಐ. ಒಂದನ್ನು ತಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿಕೊಂಡಿದ್ದರು. ಹಳೇ ಸಹೋದ್ಯೋಗಿಯ ಮಗಳು ಮೈಸೂರಿನಿಂದ ಫೋನಿನಲ್ಲೇ ದಾರಿ ಹೇಳಿಕೊಟ್ಟಿದ್ದಳಂತೆ. ಕಂಪ್ಯೂಟರ್ ಜೋಡಿಸಿಕೊಟ್ಟ ಸೊರಬದ ಸಲೀಂ ಭಾಯ್ ಆಮೇಲೆ ನನಗೆ ಹೇಳಿದರು: “ಡಾಕ್ಟ್ರು ಬಂದು ಅರ್ಥಿಂಗ್ ಕೇಳಿದ್ರು, ಸ್ಟೆಬಿಲೈಜರ್ ಕೇಳಿದ್ರು, ಬೆಂಕಿ ಆರಿಸೋ ಸಿಲಿಂಡರ್ ಕೇಳಿದ್ರು. ಎಲ್ಲಾ ಹೊತ್ಕೊಂಡು ಹೋಗಿಬಿಟ್ರು. ಕಂಪ್ಯೂಟರ್ ಮರೆತು ಹೋಗಿತ್ತು, ನಾನೇ ತಲುಪಿಸಿ ಬಂದೆ!”

ಇನ್ನು ತೊಂದರೆ ಏನು? ಯಂತ್ರ ಇದೆ, ಅದಕ್ಕೆ ವಿಳಾಸ ಇಲ್ಲ. ಚುಕ್ಕಿ ಚುಕ್ಕಿ ಇಟ್ಟ ಉದ್ದನೆಯ ಒಂದು ನಂಬರು ಹೊಡೆದರೆ ಮಾತ್ರ ತೆರೆಯುತ್ತದೆ. ಕರೆಂಟ್ ಹೋಗಿ ಬಂದರೆ ಆ ನಂಬರೂ ಬದಲು. ಬಂದಳಿಕೆಯ ರೈತರೊಬ್ಬರು ನಿನ್ನೆಯ ನಂಬರನ್ನೇ ಇವತ್ತು ಹೊಡೆದರು. ಅದು ಅಷ್ಟರಲ್ಲಿ ಇನ್ಯಾರದೋ ಮನೆಯ ಪಾಲಾಗಿತ್ತು. ಅವರ ಬಾಗಿಲ ಕ್ಯಾಮೆರಾ ತೆರೆದುಕೊಂಡು ಪಾಸ್‌ವರ್ಡ್ ಕೇಳಿತು. ಪಾಪ, ಅವರು ಫೋನ್ ಮಾಡಿದರು. “ಡಾಕ್ಟ್ರೇ, ನಮ್ಮ ಎತ್ತಿನ ಕಾಲು ನೋಡಾಕೆ ಪಾಸ್‌ವರ್ಡ್ ಯಾಕ್ರೀ?”

“ಅದಕ್ಕೇ ಒಂದು ಹೆಸರು ಬೇಕು,” ಅಂದರು ಮಾವ. “ನೆಟ್ಟಿನವರ ಹತ್ರ ಬದಲಾಗದೇ ಇರೋ ನಂಬರು ತಗೊಂಡಿದೀನಿ. ಅದಕ್ಕೆ ಹೆಸರು ಕಟ್ಟಿಕೊಡು. ಬೇಗ ಆಗ್ಬೇಕು.”

ಹೆಸರಿಡುವುದು ಅಷ್ಟು ಸುಲಭವೇ? ‘ಪಶುವೈದ್ಯ’ ಬೇಡ, ಸರ್ಕಾರದವರು ಕೇಸ್ ಹಾಕಿಯಾರು. ತಮ್ಮ ಹೆಸರು ಬೇಡ, ದೃಷ್ಟಿ ತಾಗೀತು. ‘ಗೋವು’ ಅಂತ ಶುರುವಾಗುವುದು ಏನೂ ಬೇಡ. “ಒಂದು ಪಾರ್ಟಿಯವರು ಹಾರ ತರ್ತಾರೆ, ಇನ್ನೊಂದು ಪಾರ್ಟಿಯವರು ಕಲ್ಲು ತರ್ತಾರೆ. ನಂಗೆ ಎರಡೂ ಹೆದರಿಕೆ.” ‘ಎಮ್ಮೆ’ ಅಂತಿಡೋಣ ಅಂದೆ. ಅತ್ತೆಗೆ ಸಿಟ್ಟು ಬರ್ತದೆ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊನೆಗೆ ‘ಕೊಟ್ಟಿಗೆ ಮಾತು’, ಹಿಂದೆ ಒಂದು ಡಾಟ್ ಇನ್ ಅಂತ ತೀರ್ಮಾನವಾಯಿತು. ತಕ್ಷಣ ಮಾವ ಬೆವರಿದರು. ಇಂಗ್ಲಿಷಿನಲ್ಲಿ ಒಂದು ‘ಟಿ’ ಬಿಟ್ಟು ಹೊಡೆದರೆ ಬೇರೆ ಯಾವುದೋ ಕೆಟ್ಟ ಜಾಗಕ್ಕೆ ಹೋಗಿಬಿಟ್ಟರೆ? ಮರ್ಯಾದಸ್ಥ ರೈತ ಎತ್ತಿನ ಕಾಲು ಕೇಳಲು ಹೋಗಿ ಏನು ನೋಡಬೇಕಾದೀತು! ಇರುವ ಕಾಗುಣಿತ ತಪ್ಪುಗಳನ್ನೆಲ್ಲ ಕೊಂಡುಬಿಡೋಣ ಅಂದರು. ಕನ್ನಡಿಗರು ಮಾಡುವ ಕಾಗುಣಿತ ತಪ್ಪುಗಳನ್ನೆಲ್ಲ ಕೊಳ್ಳುವಷ್ಟು ದುಡ್ಡು ಕುಬೇರನ ಹತ್ತಿರವೂ ಇಲ್ಲ ಅಂತ ಸಮಾಧಾನ ಮಾಡಿದೆ.

ಹೆಸರನ್ನು ಕೊಂಡೆವು. ವರ್ಷ ವರ್ಷ ದುಡ್ಡು ಕಟ್ಟಬೇಕು ಅಂದೆ. ಮಾವನ ಮುಖ ಸಣ್ಣದಾಯಿತು. “ಹಂಗಾದ್ರೆ ಇದು ಕ್ರಯ ಅಲ್ಲ, ಗೇಣಿ! ಒಡೆಯ ಬೇರೆ ಯಾರೋ ಇದಾನೆ!”

ಭಾನುವಾರ ನಾನೇ ಸೊರಬಕ್ಕೆ ಹೋದೆ. ಯಂತ್ರದ ಕೋಣೆ ನೋಡಬೇಕಿತ್ತು ನೀವು! ಕೆಳಗೆ ರಬ್ಬರ್ ಮ್ಯಾಟು, ಪಕ್ಕದಲ್ಲಿ ಆ ಸಿಲಿಂಡರು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ಗುಂಡಿ ಒತ್ತುವ ಮೊದಲು ಮಾವ ಹೆಗಲ ತನಕ ಬರುವ ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡರು. ಹಸುಗಳ ಒಳಗೆ ಕೈ ಹಾಕಿ ನೋಡುವಾಗ ಹಾಕುತ್ತಿದ್ದರಲ್ಲ, ಅದೇ. ನೌಕರಿಯಲ್ಲಿ ಮಿಕ್ಕಿದ್ದಂತೆ.

“ಇದು ಎ.ಐ.ಗೆ ಅಂತಾನೇ ಕೊಟ್ಟಿದ್ದು,” ಅಂದರು ಗಂಭೀರವಾಗಿ.

ಹೆಸರು ಮಾರಿದವರ ಪುಟ ತೆರೆದು, ಈ ಹೆಸರು ಕೇಳಿ ಬಂದವರನ್ನು ಈ ನಂಬರಿಗೆ ಕಳಿಸು ಅಂತ ಒಂದು ಸಾಲು ಬರೆಯಬೇಕು. ಅದಕ್ಕೆ ‘ಎ ರೆಕಾರ್ಡ್’ ಅನ್ನುತ್ತಾರೆ. ರೆಕಾರ್ಡ್ ಅಂದ ಕೂಡಲೇ ಮಾವನಿಗೆ ತಾಲ್ಲೂಕು ಕಚೇರಿಯ ವಾಸನೆ ಬಡಿಯಿತು.

“ಪಹಣಿ ಇದ್ದ ಹಾಗಾ?”

“ಹೂಂ ಮಾವ, ಹಾಗೇ. ಈ ಹೆಸರಿನ ಜಾಗ ಇಂಥಲ್ಲಿ ಇದೆ ಅಂತ.”

“ಚಕ್ಕುಬಂದಿ? ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು?”

“ಅದೆಲ್ಲ ಇಲ್ಲ. ಇನ್ನೊಂದಿದೆ, ಸಿ ನೇಮ್ ಅಂತ. ಅಡ್ಡಹೆಸರು ಹಾಕೋಕೆ.”

“ಅಡ್ಡಹೆಸರಿಗೂ ಪಹಣೀಲಿ ಜಾಗ ಇದೆಯಾ!” ಮಾವ ಹಿಂದಕ್ಕೆ ಸರಿದರು. “ಬ್ಯಾಡ ಬ್ಯಾಡ. ನಮ್ಮೂರಲ್ಲಿ ಅರ್ಧ ವ್ಯಾಜ್ಯ ಶುರುವಾಗಿದ್ದೇ ಅಲ್ಲಿಂದ.”

ಬರೆದು ಉಳಿಸಿದೆ. ಇನ್ನು ಕಾಯಬೇಕು. ಊರೂರಿನ ಕಂಪ್ಯೂಟರುಗಳಿಗೆಲ್ಲ ಈ ಸುದ್ದಿ ಹರಡುವುದಕ್ಕೆ ಕೆಲವು ಸಲ ಒಂದು ಗಂಟೆ, ಕೆಲವು ಸಲ ಎರಡು ದಿನ. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು ಕಾದು ಗೊತ್ತಿರುವ ಮನುಷ್ಯನಿಗೆ ಎರಡು ದಿನ ಏನು ದೊಡ್ಡದು ಅಂತ ನಾನು ಅಂದುಕೊಂಡೆ. ಎಲ್ಲಿಯ ಮಾತು! ಹೊತ್ತು ಹೊತ್ತಿಗೆ ತಮ್ಮ ಫೋನು, ನನ್ನ ಫೋನು, ಅತ್ತೆಯ ಫೋನು, ಹಾಲು ಕೊಡಲು ಬಂದವರ ಫೋನು, ಎಲ್ಲದರಲ್ಲೂ ನೋಡಿದರು. ನನ್ನ ಫೋನಿನಲ್ಲಿ ಕೊಟ್ಟಿಗೆ ತೆರೆಯಿತು. ಅವರದರಲ್ಲಿ ಏನೂ ಇಲ್ಲ. ಅತ್ತೆಯ ಫೋನಿನಲ್ಲಿ ಹೆಸರು ಮಾರಿದವರು ಮೊದಲೇ ಅಂಟಿಸಿದ್ದ ಹಳೇ ಬೋರ್ಡು ಬಂತು: ‘ಈ ಹೆಸರು ಮಾರಾಟಕ್ಕಿರಬಹುದು.’

ಮಾವ ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರು. ಕೂಗು ಅಂದೆನೇ? ಕೂಗು ಅಲ್ಲ ಅದು, ಒಡೆದ ಪೀಪಿಯ ಥರ ಒಂದು ಶಬ್ದ. “ಮಾರಿಬಿಟ್ರು! ಪಹಣಿ ಬರೆದ ದಿನವೇ ಮಾರಿಬಿಟ್ರು! ನಾ ಹೇಳ್ಲಿಲ್ವಾ, ಒಡೆಯ ಬೇರೆ ಇದಾನೆ ಅಂತ!”

ಅದು ಹಳೇ ಬೋರ್ಡು, ತಾನಾಗೇ ಹೋಗುತ್ತದೆ ಅಂತ ಹೇಳಿ ಕೂರಿಸುವಷ್ಟರಲ್ಲಿ ಅವರ ಫೋನಿನಲ್ಲೂ ಪುಟ ತೆರೆಯಿತು. ಆದರೆ ಮೇಲೆ ಕೆಂಪಕ್ಷರ: ‘ಸುರಕ್ಷಿತವಲ್ಲ.’ ಹೆದರುವವರಿಗೆ ಇದಕ್ಕಿಂತ ಬೇರೆ ಬೇಕೆ? ಹೆಸರಿನ ಸುದ್ದಿ ಪೂರ್ತಿ ಹರಡದೆ ಭದ್ರತೆಯ ಸರ್ಟಿಫಿಕೇಟು ಸಿಗುವುದಿಲ್ಲ, ಅದು ಸಿಗದೆ ಆ ಕೆಂಪಕ್ಷರ ಹೋಗುವುದಿಲ್ಲ. ನಾಳೆ ಆಗುತ್ತದೆ ಅಂದೆ.

“ನಾಳೆ ಖಂಡಿತ ಆಗ್ತದಾ?”

“ಆಗದಿದ್ರೆ ನಾಡಿದ್ದು. ಎಂಥ ಅರ್ಜೆಂಟು ಮಾವ ನಿಮಗೆ? ಎಮ್ಮೆಗಳು ಇಷ್ಟು ಶತಮಾನ ಡಾಟ್ ಇನ್ ಇಲ್ಲದೇ ಬದುಕಿಲ್ವಾ?”

ನಾನು ನಗುತ್ತಲೇ ಅಂದದ್ದು. ಮಾವ ನಗಲಿಲ್ಲ. ಅತ್ತೆ ಹಿತ್ತಲಲ್ಲಿದ್ದಾರೆ ಅನ್ನುವುದನ್ನು ಖಾತ್ರಿ ಮಾಡಿಕೊಂಡು ಹತ್ತಿರ ಬಂದರು.

“ಗುರುವಾರ ಶಿವಮೊಗ್ಗದಲ್ಲಿ ಆಪರೇಷನ್ ಇದೆ. ಗಂಟಲಲ್ಲಿ ಒಂದು ಗಂಟು. ಎಂಥದ್ದು ಅಂತ ತೆಗೆದು ನೋಡಿದ ಮೇಲೇ ಗೊತ್ತಾಗೋದು. ಮಾತು ಉಳೀಬಹುದು, ಉಳೀದೇನೂ ಇರಬಹುದು ಅಂದಿದಾರೆ.” ಒಂದು ಗುಟುಕು ನೀರು ಕುಡಿದರು. “ನಿಮ್ಮತ್ತೆಗೆ ಬರೀ ಟಾನ್ಸಿಲ್ ಅಂತ ಹೇಳಿದೀನಿ. ಈಗ ನೋಡು, ಫೋನ್ ಬಂದ್ರೆ ನಾನು ಎಂತ ಉತ್ತರ ಹೇಳ್ಲಿ? ಅದಕ್ಕೇ ಇದು.”

ಇಷ್ಟು ದಿನ ಅವರು ಪಿಸುಗುಟ್ಟುತ್ತಿದ್ದದ್ದು ಗುಟ್ಟಿಗೋಸ್ಕರ ಅಂತ ತಿಳಿದಿದ್ದೆ! ಅವರಿಗೆ ಜೋರಾಗಿ ಮಾತಾಡಲು ಬರುತ್ತಲೇ ಇರಲಿಲ್ಲ. ಲಿಫ್ಟಿಗೆ, ಕುಕ್ಕರಿಗೆ ಇಡೀ ಊರಿಗೆ ಕೇಳುವಂತೆ ಹೆದರುವವರು ಇದೊಂದು ಹೆದರಿಕೆಯನ್ನು ಮಾತ್ರ ಸದ್ದಿಲ್ಲದೆ ಒಳಗೇ ಇಟ್ಟುಕೊಂಡಿದ್ದರು. ನಾನು ಅಂಗಡಿಯ ಹುಡುಗನಿಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಅಂದೆ. ಯಾರದೋ ಲಗ್ನಪತ್ರಿಕೆ ಒಂದು ದಿನ ತಡವಾದರೆ ಮದುವೆ ನಿಲ್ಲುವುದಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಕೆಂಪಕ್ಷರ ಹೋಗಿತ್ತು. ಮೂರು ಫೋನಿನಲ್ಲೂ ಕೊಟ್ಟಿಗೆ ಸುರಕ್ಷಿತವಾಗಿ ತೆರೆಯಿತು. ಅತ್ತೆ ಯಂತ್ರಕ್ಕೆ ಕುಂಕುಮ ಹಚ್ಚಿದರು. ಮಾವನಿಗೆ ಸಂತೋಷವಾಯಿತು ಅಂದುಕೊಂಡಿರಾ? ಬಾಗಿಲು ತೆರೆಯಿತು ಅಂದರೆ ಯಾರು ಬೇಕಾದರೂ ಬರಬಹುದು ಅಂತ ಅರ್ಥ! ಯಂತ್ರಕ್ಕೆ ಯಾರು ಯಾರು ಬಂದು ಹೋದರು ಅಂತ ತೋರಿಸುವ ಪರದೆ ತೆರೆದು ಕೂತರು. ದೇಶ ದೇಶಗಳಿಂದ ಯಾರ್ಯಾರೋ ಬಂದು ‘ಅಡ್ಮಿನ್’, ‘ಅಡ್ಮಿನ್’ ಅಂತ ಬೀಗ ಅಲ್ಲಾಡಿಸಿ ಹೋಗುತ್ತಿದ್ದಾರೆ.

“ರಷ್ಯಾದಿಂದ ಯಾರೋ ಬಾಗಿಲು ಬಡೀತಿದಾನೆ ಕಣೇ! ಸೊರಬದ ಕೊಟ್ಟಿಗೇಲಿ ಅವನಿಗೇನು ಕೆಲಸ?”

ಅವು ಮನುಷ್ಯರಲ್ಲ, ಬೀದಿ ಬೀದಿಯ ಬೀಗ ಎಳೆದು ನೋಡುವ ಯಂತ್ರಗಳು, ಎಲ್ಲರ ಮನೆಗೂ ಬರುತ್ತವೆ, ನಮ್ಮ ಬೀಗ ಗಟ್ಟಿ ಇದೆ ಅಂದೆ. ಮಾವ ಕೇಳಲಿಲ್ಲ. ದನ ಹೊಡೆಯುವ ಕೋಲು ತಂದು ಯಂತ್ರದ ಪಕ್ಕ ಇಟ್ಟುಕೊಂಡರು. ಆಮೇಲೆ ಅವರಿಗೆ ಬಂದಳಿಕೆಯ ಶಾಸನದ ಕಲ್ಲುಗಳು ನೆನಪಾದವು. ಅಲ್ಲಿ ನೌಕರಿ ಮಾಡುವಾಗ ನೋಡಿದ್ದರು. ದಾನ ಕೊಟ್ಟದ್ದನ್ನು ಕೆಡಿಸಿದವರಿಗೆ ಹಸು ಕೊಂದ ಪಾಪ ಬರಲಿ ಅಂತ ಕೊನೆಯಲ್ಲಿ ಶಾಪ ಕೆತ್ತಿರುತ್ತಾರಲ್ಲ, ಅದು.

“ಮೊದಲ ಪುಟದಲ್ಲಿ ಹಾಕು: ಈ ಕೊಟ್ಟಿಗೆಗೆ ಕನ್ನ ಹಾಕಿದವನು ಸಾವಿರ ಹಸು ಕೊಂದ ಪಾಪಕ್ಕೆ ಹೋಗುವನು.”

“ರಷ್ಯಾದವರಿಗೆ ಕನ್ನಡ ಬರಲ್ಲ ಮಾವ.”

“ಹಂಗಾದ್ರೆ ಕೆಳಗೆ ಇಂಗ್ಲಿಷಲ್ಲೂ ಹಾಕು!”

ಹಾಕಿದೆ. ಗುರುವಾರ ಆಪರೇಷನ್ ಇರುವವರ ಮಾತು ತೆಗೆದುಹಾಕುವುದು ಹೇಗೆ?

ಯಂತ್ರ ಏನು ಉತ್ತರ ಹೇಳುತ್ತದೆ ಅಂತ ನಾನೂ ಪರೀಕ್ಷಿಸಿದೆ. ತಪ್ಪು ಹೇಳಿ ಯಾರದಾದರೂ ದನ ಸತ್ತೀತು ಅಂತ ಮಾವ ಅದಕ್ಕೆ ಎಷ್ಟು ಕಟ್ಟುಪಾಡು ಹಾಕಿದ್ದರೆಂದರೆ, ಅದೂ ಅವರಷ್ಟೇ ಪುಕ್ಕಲಾಗಿತ್ತು. ‘ನಮ್ಮ ಕರುವಿಗೆ ಏನು ಹೆಸರಿಡಲಿ?’ ಅಂತ ಕೇಳಿದೆ. ‘ಗೌರಿ ಅಂತ ಇಡಬಹುದು. ಆದರೆ ಕರು ಮಂಕಾಗಿದ್ದರೆ, ಜ್ವರವಿದ್ದರೆ, ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ’ ಅಂತು! ತಂದೆಯ ಗುಣ ಮಗುವಿಗೆ ಬಾರದೆ ಇರುತ್ತದೆಯೇ?

ಆ ಮಧ್ಯಾಹ್ನವೇ ಮಾವನ ಫೋನು ಹೊಡೆದುಕೊಂಡಿತು. ಉಡುತಡಿಯ ಒಬ್ಬ ಹೆಂಗಸು. ಅವರ ಹಳೇ ಪರಿಚಯ, ಎರಡು ಎಮ್ಮೆ ಕಟ್ಟಿ ಹಾಲು ಮಾರಿ ಮನೆ ನಡೆಸುವವರು. ಸ್ಪೀಕರಿನಲ್ಲಿ ಅವರ ಏದುಸಿರು ಕೇಳುತ್ತಿತ್ತು.

“ಡಾಕ್ಟ್ರೇ, ಮದುವಿ ಮನಿಯವರು ಮಿಕ್ಕಿದ್ದ ಅನ್ನ ಹೊರಗ ಚೆಲ್ಲಿದ್ರು, ನಮ್ಮೆಮ್ಮಿ ಎಲ್ಲಾ ತಿಂದುಬಿಟ್ಟೈತ್ರೀ. ಹೊಟ್ಟಿ ಡೊಳ್ಳಾಗೈತಿ. ಎಣ್ಣಿ ಕುಡಸು ಅನ್ನಾಕ ಹತ್ತ್ಯಾರ, ಕುಡಸ್ಲ್ಯಾ?”

ಮಾವ ಬಾಯಿ ತೆರೆದರು. ಬೇಡ ಅನ್ನಬೇಕು. ತಲೆ ಎತ್ತಿ ಹಿಡಿದು ಬಲವಂತವಾಗಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗಿ ಅರ್ಧ ಗಂಟೆಯಲ್ಲೇ ಪ್ರಾಣ ಹೋಗಬಹುದು. ಆದರೆ ಅವರ ಗಂಟಲಿಂದ ಹೊರಟದ್ದು ಬರೀ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದರು. ಪೀಪಿಯ ಶಬ್ದ.

“ಯಾರಪ್ಪಾ ನೀನು?” ಅತ್ತಲಿಂದ ಆ ತಾಯಿ ಗದರಿದರು. “ಡಾಕ್ಟ್ರ ಫೋನು ನಿನ್ನ ಕೈಗೆ ಹೆಂಗ ಬಂತು? ಕದ್ದೀಯೇನು? ಇಡು ಮೊದ್ಲು!” ಅಂತ ಅವರೇ ಇಟ್ಟುಬಿಟ್ಟರು.

ನಾನು ತಿರುಗಿ ಫೋನ್ ಮಾಡಿದರೆ ಎತ್ತಲಿಲ್ಲ. ಮಾವ ಫೋನ್ ಕಸಿದುಕೊಂಡರು. ಆ ಹೆಂಗಸಿಗೆ ಮೆಸೇಜು ಬರೆದರು: ‘ನಾನೇ. ಗಂಟಲು ಸರಿ ಇಲ್ಲ. ಎಣ್ಣೆ ಬೇಡ. ಇಲ್ಲಿ ಕೇಳಿ.’ ಕೆಳಗೆ ಕೊಟ್ಟಿಗೆಯ ವಿಳಾಸ. ಆ ಹೆಸರು ಸರಿಯಾಗಿ ಕೆಲಸ ಶುರು ಮಾಡಿ ಇನ್ನೂ ಅರ್ಧ ದಿನ ಆಗಿರಲಿಲ್ಲ. ಅದು ಉಡುತಡಿಯ ಆ ಫೋನನ್ನು ತಲುಪಿದೆಯೋ ಇಲ್ಲವೋ ಯಾರಿಗೆ ಗೊತ್ತು? ಹಳೇ ಬೋರ್ಡು ಬಂದುಬಿಟ್ಟರೆ?

ಪರದೆಯ ಮುಂದೆ ಇಬ್ಬರೂ ಕೂತೆವು. ರಷ್ಯಾದವನು ಬಂದು ಹೋದ. ಇನ್ಯಾರೋ ಬಂದು ಹೋದರು. ಆಮೇಲೆ ಕನ್ನಡದಲ್ಲಿ ಒಂದು ಸಾಲು ಮೂಡಿತು: ‘ಎಮ್ಮಿ ಅನ್ನ ತಿಂದೈತಿ ಹೊಟ್ಟಿ ಉಬ್ಬೈತಿ.’

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಯಂತ್ರ ಒಂದೊಂದೇ ಪದ ಬರೆಯುತ್ತಾ ಹೋಯಿತು. ಎಣ್ಣೆ ಕುಡಿಸಬೇಡಿ. ಬಾಯಿಗೆ ಏನನ್ನೂ ಬಲವಂತವಾಗಿ ಸುರಿಯಬೇಡಿ. ತಲೆ ಎತ್ತಿ ಹಿಡಿಯಬೇಡಿ. ತಿನ್ನಲು ಏನೂ ಕೊಡಬೇಡಿ. ನಿಲ್ಲುವ ಶಕ್ತಿ ಇದ್ದರೆ ನಿಧಾನಕ್ಕೆ ನಡೆಸಿ. ಈಗಲೇ, ಈ ಕ್ಷಣವೇ, ತಡಮಾಡದೆ ಪಶು ಆಸ್ಪತ್ರೆಗೆ ಫೋನ್ ಮಾಡಿ. ಪ್ರತಿ ಪದಕ್ಕೂ ಮಾವ ತಲೆ ಆಡಿಸುತ್ತಿದ್ದರು, ಪರೀಕ್ಷೆ ಬರೆಯುವ ಮಗುವಿನ ಹೆಗಲ ಮೇಲಿಂದ ಬಗ್ಗಿ ನೋಡುವ ಮೇಷ್ಟರ ಹಾಗೆ. ಆ ಹೊತ್ತಿಗೆ ನನಗೆ ಯಂತ್ರದ ಪುಕ್ಕಲುತನದ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಗ್ಲೌಸು ಇಲ್ಲದೆ ಅದರ ಬೆನ್ನು ಸವರಿದೆ.

ನಾನು ಶಿಕಾರಿಪುರದ ಆಸ್ಪತ್ರೆಗೂ ಫೋನ್ ಮಾಡಿದೆ. ಅಲ್ಲಿಯ ಡಾಕ್ಟರು ಆಗಲೇ ಬೈಕ್ ಹತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೆಸೇಜು ಬಂತು: ಎಮ್ಮೆ ಸಗಣಿ ಹಾಕಿತಂತೆ! ಸಗಣಿಯ ಸುದ್ದಿಗೆ ಕಣ್ಣೀರು ಹಾಕಿದ ಮನುಷ್ಯನನ್ನು ನಾನು ನೋಡಿದ್ದು ಅವತ್ತೇ ಮೊದಲು. ಅತ್ತೆ ಒಳಗಿನಿಂದ ಬಂದು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು.

“ಟಾನ್ಸಿಲ್‌ಗೆ ಯಾರೂ ಶಿವಮೊಗ್ಗದ ತನಕ ಹೋಗಿ ಹೆದರ್ಕೊಂಡು ಬರಲ್ಲ,” ಅಂದರು. “ನಂಗೆ ಗೊತ್ತಿಲ್ಲ ಅಂದ್ಕೊಂಡಿದೀರಾ? ನೀವು ಹೆದರ್ತೀರಿ ಅಂತ ನಾನು ಸುಮ್ನಿದ್ದೆ.”

ಗುರುವಾರ ಆಪರೇಷನ್ ಆಯಿತು. ಆಸ್ಪತ್ರೆಯ ಲಿಫ್ಟಿನಲ್ಲಿ ಅವರನ್ನು ಮಲಗಿಸಿಕೊಂಡೇ ಕರೆದುಕೊಂಡು ಹೋದರು, ಹೆದರಲೂ ಪುರಸೊತ್ತು ಕೊಡಲಿಲ್ಲ. ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವ ತನಕ ಹೀಗೂ ಇಲ್ಲ ಹಾಗೂ ಇಲ್ಲ. ಮಾತಾಡುವ ಹಾಗಿಲ್ಲ, ಪಿಸುಗುಟ್ಟುವ ಹಾಗೂ ಇಲ್ಲ ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮಾವ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಹಾಸಿಗೆಯಲ್ಲಿ ಕೂತು ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. ಅದು ಬಿದ್ದೀತು ಅಂತ ಅವರ ಹೆದರಿಕೆ. ಅತ್ತೆ ನರ್ಸಿಗೆ ಹೇಳಿ ಮಂಚವನ್ನೇ ಪಕ್ಕಕ್ಕೆ ಸರಿಸಿದರು.

ಫೋನು ನನ್ನ ಕೈಯಲ್ಲಿತ್ತು. ಮರುದಿನ ಮಧ್ಯಾಹ್ನ ಉಡುತಡಿಯಿಂದ ಕರೆ ಬಂತು. ಮಾವನಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ.

“ತಂಗೀ, ಡಾಕ್ಟ್ರು ಹೆಂಗದಾರವ್ವಾ? ಆಸ್ಪತ್ರಿಗೆ ಸೇರ್ಯಾರ ಅಂತ ಸುದ್ದಿ ಬಂತು. ಅವತ್ತು ನಾನು ಕಳ್ಳ ಅಂದುಬಿಟ್ಟೆ. ಫೋನ್ ಮಾಡಾಕ ಮುಖ ಬರ್ಲಿಲ್ಲ. ಅದಕ್ಕ ಆ ಕೊಟ್ಟಿಗಿಗೇ ಕೇಳ್ದೆ.”

“ಕೊಟ್ಟಿಗೆಗಾ? ಏನಂತ ಕೇಳಿದ್ರಿ?”

“ನಮ್ಮ ಡಾಕ್ಟ್ರಿಗೆ ಗಂಟಲು ಸರಿ ಇಲ್ಲ, ಹೆಂಗದಾರ ಅಂತ. ಅದು ನನ್ನೇ ತಿರುಗಿ ಕೇಳ್ತೈತಿ, ನಿಮ್ಮ ಡಾಕ್ಟ್ರು ಮೇವು ತಿಂತಾರಾ, ಮೆಲುಕು ಹಾಕ್ತಾರಾ ಅಂತ. ನಾ ಏನಂತ ಹೇಳ್ಲಿ? ತಿಂತಾರೇನವ್ವಾ?”

ನನಗೆ ನಗು ತಡೆಯಲಿಲ್ಲ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವನ ಹೆಗಲು ಸದ್ದಿಲ್ಲದೆ ಅಲ್ಲಾಡುತ್ತಿತ್ತು, ನಗಬಾರದು ಅಂತ ಗಂಟಲು ಹಿಡಿದುಕೊಂಡಿದ್ದರು. ಗಂಜಿ ಕುಡಿದಿದ್ದಾರೆ ಅಂತ ನಾನು ಹೇಳಿದ ಮೇಲೆ ಆ ತಾಯಿ ಫೋನ್ ಇಟ್ಟರು. ಆದರೆ ಆ ಮಧ್ಯಾಹ್ನ ಫೋನು ತಣ್ಣಗಾಗಲಿಲ್ಲ. ಬಂದಳಿಕೆಯವರು ಮಾಡಿದರು, ಸಲೀಂ ಭಾಯ್ ಮಾಡಿದರು, ಹೆಸರು ಹೇಳದವರು ಎಷ್ಟೋ ಮಂದಿ ಮಾಡಿದರು. ಒಬ್ಬರದೂ ದನದ ಪ್ರಶ್ನೆ ಇರಲಿಲ್ಲ. ಡಾಕ್ಟ್ರು ಹೆಂಗದಾರ? ಡಾಕ್ಟ್ರಿಗೆ ಎಂತ ಆಯ್ತು? ಡಾಕ್ಟ್ರು ಆರಾಮಾ? ಎಲ್ಲರ ದನಿಯಲ್ಲೂ ಗಾಬರಿ.

ಮಾವ ಕೈ ಚಾಚಿ ಫೋನ್ ಕೊಡು ಅಂತ ಸನ್ನೆ ಮಾಡಿದರು. ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ, ತುಂಬಾ ಹೊತ್ತು ಏನೋ ಬರೆದು ನನಗೆ ತೋರಿಸಿದರು. ಕೊಟ್ಟಿಗೆಯ ಮೊದಲ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಇದನ್ನು ಹಾಕು ಅಂತ.

‘ನಾನು ಆರಾಮಿದೀನಿ. ಯಾರೂ ಹೆದರಬೇಡಿ.’

ಗಂಟು ಕೆಟ್ಟದ್ದಲ್ಲ ಅಂತ ರಿಪೋರ್ಟು ಬಂದದ್ದು ಮುಂದಿನ ವಾರ. ಪಿಸುಮಾತಿನಷ್ಟು ದನಿ ವಾಪಸು ಬಂದದ್ದು ಅದಕ್ಕೂ ಎಷ್ಟೋ ದಿನದ ಮೇಲೆ. ಆ ಮಧ್ಯಾಹ್ನ ನಮಗೆ ಏನೂ ಗೊತ್ತಿರಲಿಲ್ಲ. ನಾನು ಅಲ್ಲೇ ಕೂತು ಆ ಸಾಲನ್ನು ಹಾಕಿ, ಪುಟ ತೆರೆದು ತೋರಿಸಿದೆ. ಮಾವ ಓದಿದರು, ಸರಿ ಅಂತ ತಲೆ ಆಡಿಸಿದರು. ಒಂದು ಕೈಯಲ್ಲಿ ಫೋನಿತ್ತು. ಇನ್ನೊಂದು ಕೈ ಹೊದಿಕೆಯ ಕೆಳಗೆ ಅತ್ತೆಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ, ಅವರ ಬಳೆಯೊಂದು ಒಡೆದ ಸದ್ದು ನನಗೆ ಕೇಳಿಸಿತು.